ಜಿಮ್ 45 ನಿಮಿಷ, ಕುರ್ಚಿ 10 ಗಂಟೆ: ಲೆಕ್ಕ ಸರಿಹೋಗುತ್ತದಾ?

ಠಾಣೆ_ಘೋಡಬಂದರ್

ಈ ಗುಂಪಿನಲ್ಲಿ ಆರೋಗ್ಯ ಕ್ಷೇತ್ರದವರು ಕೆಲವರಿದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಮುಂಬಯಿ ಕಡೆ ಆಫೀಸು ಕೆಲಸದವರ ದಿನ ಹೆಚ್ಚುಕಡಿಮೆ ಹೀಗೆ: ಬೆಳಿಗ್ಗೆ 45 ನಿಮಿಷ ಜಿಮ್ ಅಥವಾ ವಾಕಿಂಗ್. ವಾರಕ್ಕೆ ಮೂರು ದಿನ ಮನೆಯಲ್ಲೇ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಎರಡು ದಿನ ಲೋಕಲ್ ರೈಲು ಹಿಡಿದು ಆಫೀಸು. ರಾತ್ರಿ ಊಟವಾದ ಮೇಲೆ ಟಿವಿ. ಕೂತದ್ದೆಲ್ಲ ಕೂಡಿದರೆ 10 ಗಂಟೆಗೆ ಕಡಿಮೆಯಿಲ್ಲ.

ಬೆಳಗಿನ ಆ 45 ನಿಮಿಷ ಉಳಿದ 10 ಗಂಟೆಯನ್ನು ತೊಳೆದುಬಿಡುತ್ತದಾ? ಲೋಕಲ್‌ನಲ್ಲಿ ಒಂದು ಗಂಟೆ ನಿಂತೇ ಹೋಗುವುದು ಲೆಕ್ಕಕ್ಕೆ ಬರುತ್ತದಾ? ಯಾವ ಪರೀಕ್ಷೆ ಮಾಡಿಸಿದರೆ ಒಳಗಿನ ಸ್ಥಿತಿ ಗೊತ್ತಾಗುತ್ತದೆ? 'ವ್ಯಾಯಾಮ ಮಾಡಿ, ನೀರು ಕುಡಿಯಿರಿ' ಎನ್ನುವ ವಾಟ್ಸಾಪ್ ಉಪದೇಶ ಬೇಡ. ಅಳತೆ, ನಿಮಿಷ, ಕಾರಣ ಹೇಳಿದರೆ ಉಪಕಾರ.

ಮಾಟುಂಗಾ_ಪೂರ್ವ

ಅರ್ಧ ಸರಿಹೋಗುತ್ತದೆ. ಉಳಿದರ್ಧಕ್ಕೆ ಬೇರೆ ಮದ್ದು ಬೇಕು.

ಈ ವಿಷಯದಲ್ಲಿ ಮೊದಲ ಗಟ್ಟಿ ಸಾಕ್ಷಿ ಸಿಕ್ಕಿದ್ದು ಡಬಲ್ ಡೆಕರ್ ಬಸ್ಸಿನಲ್ಲಿ. 1953ರಲ್ಲಿ ಜೆರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ ಬಸ್ಸುಗಳ ಡ್ರೈವರ್ ಮತ್ತು ಕಂಡಕ್ಟರ್‌ಗಳನ್ನು ಹೋಲಿಸಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಅದೇ ಬಸ್ಸು, ಅದೇ ಹೊಗೆ, ಒಂದೇ ತರಹದ ಮನೆಗಳಿಂದ ಬಂದವರು. ಕೂತೇ ಇರುವ ಡ್ರೈವರ್‌ಗಳಿಗೆ ಹೃದಯಾಘಾತ ಹೆಚ್ಚು. ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುವ ಕಂಡಕ್ಟರ್‌ಗಳಿಗೆ ಕಡಿಮೆ, ಬಂದರೂ ಅಷ್ಟು ಮಾರಕವಲ್ಲ. 'ಡ್ರೈವರ್ ಆಗುವವರು ಮೊದಲೇ ದಪ್ಪ ಇದ್ದಿರಬಹುದಲ್ಲ' ಎಂಬ ಅನುಮಾನ ಸಹಜ. ಅದಕ್ಕೆ 1956ರಲ್ಲಿ ಸಮವಸ್ತ್ರದ ಪ್ಯಾಂಟಿನ ಸೊಂಟದ ಅಳತೆಗಳನ್ನೇ ತೆಗೆದು ನೋಡಿದರು. ಡ್ರೈವರ್‌ಗಳ ಸೊಂಟ ದೊಡ್ಡದಿತ್ತು, ನಿಜ. ಆದರೆ ಒಂದೇ ಅಳತೆಯ ಸೊಂಟದವರನ್ನು ಪಕ್ಕಪಕ್ಕ ಇಟ್ಟು ನೋಡಿದರೂ ಕಂಡಕ್ಟರ್‌ಗೇ ಅಪಾಯ ಕಡಿಮೆ. ಅಂದರೆ ಇಲ್ಲಿ ತೂಕ ಒಂದೇ ಕಾರಣವಲ್ಲ. (ನಮ್ಮ ಮುಂಬಯಿಯ ನಗರ ಬಸ್ ಸಂಸ್ಥೆ ಬೆಸ್ಟ್‌ನ ಹಳೆಯ ಡೀಸೆಲ್ ಡಬಲ್ ಡೆಕರ್‌ಗಳು 2023ರ ಸೆಪ್ಟೆಂಬರ್‌ನಲ್ಲಿ ರಸ್ತೆಯಿಂದ ಇಳಿದವು. ಅದರ ಕಂಡಕ್ಟರ್‌ಗಳ ಕಾಲುಗಳನ್ನು ಯಾರೂ ಅಳೆಯಲಿಲ್ಲ, ಬಿಡಿ.)

ಈಗ ನಿಮ್ಮ ಲೆಕ್ಕ. 2016ರಲ್ಲಿ 10 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಕೂಡಿಸಿ ನೋಡಿದ ವಿಶ್ಲೇಷಣೆಯೊಂದು ಬಂತು. ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೂರುವವರಲ್ಲಿ ಸಾವಿನ ಅಪಾಯ ಏರುತ್ತದೆ, ಆದರೆ ದಿನಕ್ಕೆ 60ರಿಂದ 75 ನಿಮಿಷ ಬಿರುಸಾಗಿ ನಡೆಯುವವರಲ್ಲಿ ಆ ಏರಿಕೆ ಕಾಣಲಿಲ್ಲ. ನಿಮ್ಮದು 45 ನಿಮಿಷ, ಸ್ವಲ್ಪ ಕಡಿಮೆ. ಜಿಮ್ಮಿನಲ್ಲಿ ಮೊಬೈಲ್ ನೋಡುತ್ತ ಕೂತ ನಿಮಿಷಗಳನ್ನು ಕಳೆದರೆ ಇನ್ನೂ ಕಡಿಮೆ. ಟಿವಿ ಬೇರೆ ಜಾತಿ: 5 ಗಂಟೆ ಮೀರಿ ಟಿವಿ ನೋಡುವವರಿಗೆ ಅಷ್ಟು ನಡಿಗೆಯೂ ಪೂರ್ತಿ ಸಾಲಲಿಲ್ಲ. ಟಿವಿಯ ಸಮಯ ಎಂದರೆ ಊಟವಾದ ತಕ್ಷಣದ ಸಮಯ, ಕೈಯಲ್ಲಿ ಚಿವಡಾ ಬಟ್ಟಲು ಇರುವ ಸಮಯ. ಕಾರಣ ಅದೂ ಇರಬಹುದು.

ಉಳಿದರ್ಧ ಇರುವುದು ರಕ್ತದ ಸಕ್ಕರೆಯಲ್ಲಿ. ಉಂಡ ಅನ್ನದ ಸಕ್ಕರೆಯ ದೊಡ್ಡ ಪಾಲು ಸೇರಬೇಕಾದ್ದು ಸ್ನಾಯುಗಳಿಗೆ, ಅದರಲ್ಲೂ ತೊಡೆ ಮತ್ತು ಪೃಷ್ಠದ ದೊಡ್ಡ ಸ್ನಾಯುಗಳಿಗೆ. ಒಳಗೆ ಹೋಗುವ ಬಾಗಿಲನ್ನು ಇನ್ಸುಲಿನ್ ತೆರೆಯುತ್ತದೆ. ಸ್ನಾಯು ಕುಗ್ಗಿ ಹಿಗ್ಗಿದರೆ ಇನ್ಸುಲಿನ್ ಕಾಯದೆಯೂ ಆ ಬಾಗಿಲು ತೆರೆಯುತ್ತದೆ. ಕೂತಾಗ ಈ ಎರಡನೇ ದಾರಿ ಮುಚ್ಚಿರುತ್ತದೆ, ಹೊರೆಯೆಲ್ಲ ಇನ್ಸುಲಿನ್ ಮೇಲೆ. ರಕ್ತದ ಕೊಬ್ಬನ್ನು ಒಡೆಯುವ ಕಿಣ್ವವೂ ಅಲುಗದ ಸ್ನಾಯುವಿನಲ್ಲಿ ತಣ್ಣಗಾಗುತ್ತದೆ. ಬೆಳಿಗ್ಗೆ 6ಕ್ಕೆ ಮಾಡಿದ ವ್ಯಾಯಾಮ ಮಧ್ಯಾಹ್ನ 2ರ ಊಟಕ್ಕೆ ಒಂದಿಷ್ಟು ಒದಗುತ್ತದೆ. ಆದರೆ ಉಂಡು ಎರಡು ಗಂಟೆ ಅಲ್ಲಾಡದೆ ಕೂತರೆ ಸಕ್ಕರೆಯ ಗೋಪುರ ಏಳುವುದು ತಪ್ಪದು. ಪ್ರತಿ 20 ನಿಮಿಷಕ್ಕೊಮ್ಮೆ 2 ನಿಮಿಷ ನಡೆದರೆ ಆ ಗೋಪುರ ತಗ್ಗುತ್ತದೆ ಎಂದು 2012ರ ಆಸ್ಟ್ರೇಲಿಯಾದ ಪ್ರಯೋಗ ತೋರಿಸಿತು. 2023ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ಬೇರೆ ಬೇರೆ ಅಳತೆ ಹಾಕಿ ನೋಡಿದಾಗ ಅರ್ಧ ಗಂಟೆಗೊಮ್ಮೆ 5 ನಿಮಿಷ ನಿಧಾನ ನಡಿಗೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಅದು 11 ಜನರ ಪುಟ್ಟ ಪ್ರಯೋಗ, ಅದನ್ನೇ ವೇದವಾಕ್ಯ ಮಾಡಬೇಡಿ.

ಲೋಕಲ್‌ನಲ್ಲಿ ನಿಲ್ಲುವುದು: ಕೂರುವುದಕ್ಕೂ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ನಿಮಿಷಕ್ಕೆ ಸುಮಾರು 0.15 ಕ್ಯಾಲೊರಿ. ಗಂಟೆಗೆ 9. ಒಂದು ಕಟಿಂಗ್ ಚಹಾಕ್ಕೆ ಎರಡು ಚಮಚ, ಅಂದರೆ 10 ಗ್ರಾಂ ಸಕ್ಕರೆ ಹಾಕಿದರೆ 40. ನಾಲ್ಕು ಗಂಟೆ ನಿಂತರೂ ಆ ಚಹಾ ಕರಗದು. ಸ್ಟೇಷನ್ನಿನ ಪಾದಚಾರಿ ಸೇತುವೆಯ ಮೆಟ್ಟಿಲು ಮಾತ್ರ ಖಂಡಿತ ಲೆಕ್ಕಕ್ಕೆ ಬರುತ್ತದೆ. ಎಸ್ಕಲೇಟರ್ ಮುಂದೆ ಸಾಲು ನಿಲ್ಲುವವರನ್ನು ಬಿಟ್ಟು ಪಕ್ಕದ ಮೆಟ್ಟಿಲು ಹಿಡಿಯಿರಿ.

ಪರ್ವತಿ_103

ಪರೀಕ್ಷಾದ್ದು ನಾ ಹೇಳ್ತೀನಿ. ಅದಕ್ಕಿಂತ ಮೊದಲ ಒಂದು ಮಾತು. 'ನಾ ತೆಳ್ಳಗ ಇದ್ದೀನಿ, ನನಗೇನ ಆಗ್ತದ' ಅನ್ನೋರಿಗೆ ಪುಣೆದಾಗನ ಉತ್ತರ ಅದ. ಇಲ್ಲಿಯ ಕೆ.ಇ.ಎಂ. ಆಸ್ಪತ್ರಿಯ ಡಾ. ಚಿತ್ತರಂಜನ ಯಾಜ್ಞಿಕ ಅವರು ಇಂಗ್ಲೆಂಡಿನ ಜಾನ್ ಯುಡ್ಕಿನ್ ಅವರ ಕೂಡ 2004ರಾಗ ಲ್ಯಾನ್ಸೆಟ್‌ನ್ಯಾಗ ತಮ್ಮಿಬ್ಬರ ಫೋಟೋನ ಹಾಕಿ ತೋರಿಸಿದ್ರು. ಇಬ್ಬರದೂ ಬಿಎಂಐ (ಎತ್ತರಕ್ಕ ತಕ್ಕ ತೂಕದ ಲೆಕ್ಕ) 22.3. ಮೈಯಾಗಿನ ಕೊಬ್ಬು ನೋಡಿದ್ರ ಯುಡ್ಕಿನ್ ಅವರದು ಶೇ. 9.1, ಯಾಜ್ಞಿಕ ಅವರದು ಶೇ. 21.2. ತಕ್ಕಡಿ ಇಬ್ಬರಿಗೂ ಒಂದ ಮಾತು ಹೇಳ್ತು, ಖರೇ ಸುದ್ದಿ ಬ್ಯಾರೇನ ಇತ್ತು. ನಮ್ಮ ಮಂದಿಗೆ ಕೊಬ್ಬು ಹೊಟ್ಟಿಯೊಳಗ ಕೂಡ್ತದ, ಕೈಕಾಲು ಸಣ್ಣ ಇರ್ತಾವ. ಅದಕ್ಕ ಭಾರತೀಯರಿಗೆ ಬಿಎಂಐ 23 ದಾಟಿದ್ರ ತೂಕ ಹೆಚ್ಚು, 25 ದಾಟಿದ್ರ ಬೊಜ್ಜು ಅಂತ ಹಿಡೀತಾರ.

ಆದ್ರ ತಕ್ಕಡಿಗಿಂತ ಟೇಪ್ ಛಲೋ. ಸೊಂಟ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ಅಳಿಯೂದರಾಗ ತಪ್ಪು ಭಾಳ ಆಗ್ತದ. ಪ್ಯಾಂಟಿನ ನಂಬರ್ ಹೇಳಬ್ಯಾಡ್ರಿ, ಪ್ಯಾಂಟು ಹೊಟ್ಟಿ ಕೆಳಗ ಇಳಿದಿರ್ತದ. ಹೊಟ್ಟಿ 100 ಸೆಂ.ಮೀ. ಆದ್ರೂ ಪ್ಯಾಂಟು 34 ಇಂಚೇ ಇರ್ತದ. ಎಲ್ಲಾಕಿಂತ ಕೆಳಗಿನ ಪಕ್ಕೆಲುಬು ಮತ್ತ ಟೊಂಕದ ಎಲುಬಿನ ಮ್ಯಾಲಿನ ತುದಿ, ಇವೆರಡರ ನಟ್ಟನಡುವ ಟೇಪ್ ಹಿಡೀರಿ. ಬರೀ ಮೈ ಮ್ಯಾಲೆ. ಸಹಜ ಉಸಿರು ಬಿಟ್ಟು ಮುಗಿಸಿದಾಗ ಓದ್ರಿ. ಹೊಟ್ಟಿ ಒಳಗ ಎಳಕೊಳ್ಳೂದು ಮಾಡಿದ್ರ ನಿಮಗ ನೀವ ಮೋಸ.

ರಕ್ತ: ರಾತ್ರಿ ಊಟ ಆಗಿ 8ರಿಂದ 12 ತಾಸು ಖಾಲಿ ಹೊಟ್ಟಿಲೆ ಕೊಡ್ರಿ. ಖಾಲಿ ಹೊಟ್ಟಿ ಸಕ್ಕರಿ 100ರಿಂದ 125 ಬಂದ್ರ ಮಧುಮೇಹದ ಹೊಸ್ತಿಲ, 126 ಮತ್ತ ಮ್ಯಾಲೆ ಬಂದು ಎರಡನೇ ಸಲನೂ ಹಂಗ ಬಂದ್ರ ಮಧುಮೇಹ. ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸಕ್ಕರಿ ಸರಾಸರಿ) 5.7ರಿಂದ 6.4 ಹೊಸ್ತಿಲ, 6.5 ಮತ್ತ ಮ್ಯಾಲೆ ಬಂದ್ರ ಒಳಗ. ಇದ್ರಾಗ ಒಂದು ಗೊಂದಲ ಅದ: ಕಬ್ಬಿಣ ಕಡಿಮಿ ಆಗಿ ರಕ್ತಹೀನತೆ ಇದ್ದೋರಿಗೆ ಎಚ್‌ಬಿಎ1ಸಿ ಸುಳ್ಳೇ ಹೆಚ್ಚು ತೋರಸ್ತದ. ಹೆಣ್ಣುಮಕ್ಕಳು ಹಿಮೋಗ್ಲೋಬಿನ್ ಜೋಡಿ ಮಾಡಸ್ರಿ, ಇಲ್ಲಾಂದ್ರ ಸುಮ್ಮನ ಹೆದರಿಕಿ. ಟ್ರೈಗ್ಲಿಸರೈಡ್ 150 ಮತ್ತ ಮ್ಯಾಲೆ, ಒಳ್ಳೆ ಕೊಲೆಸ್ಟರಾಲ್ ಅಂದ್ರ ಎಚ್‌ಡಿಎಲ್ ಗಂಡಸರಿಗೆ 40ಕ್ಕ, ಹೆಂಗಸರಿಗೆ 50ಕ್ಕ ಕಡಿಮಿ, ಬಿಪಿ 130/85 ಮತ್ತ ಮ್ಯಾಲೆ, ಖಾಲಿ ಹೊಟ್ಟಿ ಸಕ್ಕರಿ 100 ಮತ್ತ ಮ್ಯಾಲೆ, ಸೊಂಟ ಹೇಳಿದ್ದಕ್ಕಿಂತ ದೊಡ್ಡದು. ಈ ಐದರಾಗ ಮೂರು ಬಂದ್ರ ಡಾಕ್ಟರ ಕಡೆ ಹೋಗೂದು ಮುಂದ ಹಾಕಬ್ಯಾಡ್ರಿ. ಕೂತು ಕೂತು ಆಗೂದು ಬಹಳಷ್ಟು ಸಲ ಇದ ಜೋಡಿ: ಟ್ರೈಗ್ಲಿಸರೈಡ್ ಏರ್ತದ, ಎಚ್‌ಡಿಎಲ್ ಇಳೀತದ. ಒಟ್ಟು ಕೊಲೆಸ್ಟರಾಲ್ ನೋಡಿ 'ನಾರ್ಮಲ್ ಅದ' ಅಂತ ಖುಷಿ ಪಡೋದು ಅಲ್ಲೇ ಕೈ ಕೊಡ್ತದ.

ಗಿರಗಾಂವ್_ಫಿಸಿಯೊ

ಸಕ್ಕರೆ ಕೊಬ್ಬಿನ ವಿಷಯ ಮೇಲಿನವರು ಹೇಳಿದ್ದಾರೆ. ನಾನು ಆ ಊಟದ ಮೇಜಿಗೆ ಬರುತ್ತೇನೆ.

ಊಟದ ಮೇಜಿನ ಎತ್ತರ ಸಾಮಾನ್ಯವಾಗಿ 75 ಸೆಂ.ಮೀ., ಕುರ್ಚಿ 45. ನಮ್ಮ ಸರಾಸರಿ ಎತ್ತರದವರಿಗೆ ಎರಡೂ ಹೆಚ್ಚು. ಕುರ್ಚಿಯ ಆಸನ ನೆಲದಿಂದ ನಿಮ್ಮ ಮೊಣಕಾಲಿನ ಹಿಂದಿನ ಮಡಿಕೆಯಷ್ಟೇ ಎತ್ತರ ಇರಬೇಕು. ಅದು ಸುಮಾರಾಗಿ ಮೈಯೆತ್ತರದ ನಾಲ್ಕನೇ ಒಂದು ಪಾಲು: 160 ಸೆಂ.ಮೀ. ಇದ್ದವರಿಗೆ 40. 45ರ ಕುರ್ಚಿಯಲ್ಲಿ ಅವರ ಹಿಮ್ಮಡಿ ನೆಲ ಮುಟ್ಟುವುದಿಲ್ಲ, ಆಸನದ ಅಂಚು ತೊಡೆಯ ಹಿಂಭಾಗವನ್ನು ಒತ್ತುತ್ತದೆ, ಕಾಲು ಜೋಮು ಹಿಡಿಯುತ್ತದೆ. ಆಗ ಜನ ಮುಂದೆ ಜಾರಿ ಕೂರುತ್ತಾರೆ, ಬೆನ್ನು ಒರಗನ್ನು ಬಿಟ್ಟುಬಿಡುತ್ತದೆ, ಸೊಂಟನೋವು ಅಲ್ಲಿಂದ ಶುರು. ಹೊಸ ಕುರ್ಚಿ ಬೇಕಿಲ್ಲ. ಮನೆಯಲ್ಲಿರುವ ಕೂರುವ ಮಣೆ 5 ಸೆಂ.ಮೀ. ಎತ್ತರ ಇದ್ದರೆ ಅದನ್ನೇ ಕಾಲ ಕೆಳಗೆ ಇಡಿ.

ಲ್ಯಾಪ್‌ಟಾಪ್‌ನ ತೊಂದರೆ ಬೇರೆ. ಪರದೆ ಮತ್ತು ಕೀಲಿಮಣೆ ಅಂಟಿಕೊಂಡಿರುವುದರಿಂದ ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ. ಪುಸ್ತಕ ಜೋಡಿಸಿ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ತನ್ನಿ, ಒಂದು ತೋಳಿನ ದೂರದಲ್ಲಿಡಿ. ಬೇರೆ ಕೀಬೋರ್ಡ್ ಮತ್ತು ಮೌಸ್ ತಗೊಳ್ಳಿ, ಮೊಣಕೈ ಮೈಗೆ ತಾಗಿ ಲಂಬಕೋನಕ್ಕೆ ಹತ್ತಿರ ಇರಲಿ. ಬೈಫೋಕಲ್ ಅಥವಾ ಪ್ರೊಗ್ರೆಸಿವ್ ಕನ್ನಡಕದವರು ಮಾತ್ರ ಪರದೆಯನ್ನು ಇನ್ನೂ ಕೆಳಗಿಡಬೇಕು. ಇಲ್ಲದಿದ್ದರೆ ಕೆಳಗಿನ ಗಾಜಿನಿಂದ ನೋಡಲು ಗಲ್ಲ ಎತ್ತಿ ಎತ್ತಿ ಕುತ್ತಿಗೆಯ ಹಿಂದೆ ನೋವು ಬರುತ್ತದೆ. ಇದನ್ನು ಯಾರೂ ಹೇಳುವುದಿಲ್ಲ. ಟವೆಲ್ ಸುತ್ತಿ ಸೊಂಟದ ಒಳಬಾಗಿಗೆ ಕೊಟ್ಟರೆ 2,000 ರೂಪಾಯಿಯ ದಿಂಬಿನ ಕೆಲಸ ಆಗುತ್ತದೆ.

ಎಷ್ಟೇ ಸರಿಯಾಗಿ ಕೂತರೂ ಒಂದೇ ಭಂಗಿಯಲ್ಲಿ 40 ನಿಮಿಷ ಕೂತರೆ ಬೆನ್ನು ಸೋಲುತ್ತದೆ. ಆಗಾಗ ಭಂಗಿ ಬದಲಿಸುವುದೇ ಮುಖ್ಯ.

ಕೂತವರಲ್ಲಿ ತೊಡೆಯ ಮುಂದಿನ, ಸೊಂಟ ಮಡಚುವ ಸ್ನಾಯು ಬಿಗಿಯುತ್ತದೆ; ಪೃಷ್ಠದ ಸ್ನಾಯು ಸೋಮಾರಿಯಾಗುತ್ತದೆ; ಎದ್ದು ನಡೆದಾಗ ಆ ಕೆಲಸವನ್ನು ಸೊಂಟ ಹೊರುತ್ತದೆ. ವಾರಕ್ಕೆ ಎರಡು ಮೂರು ದಿನ ಇಷ್ಟು ಸಾಕು: ಕುರ್ಚಿಯಿಂದ ಕೈ ಊರದೆ ಏಳು-ಕೂರು 10ರಂತೆ 3 ಸಲ, ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದು 12ರಂತೆ 3, ಅಡುಗೆಮನೆಯ ಕಟ್ಟೆ ಹಿಡಿದು ಪುಶ್‌ಅಪ್ 10ರಂತೆ 3, ಅದೇ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು 15ರಂತೆ 3. ಬಿಗಿಗೆ: ಮಡಚಿದ ಬೆಡ್‌ಶೀಟ್ ಮೇಲೆ ಒಂದು ಮೊಣಕಾಲೂರಿ, ಇನ್ನೊಂದು ಪಾದ ಮುಂದಿಟ್ಟು, ಊರಿದ ಕಡೆಯ ಪೃಷ್ಠ ಬಿಗಿಹಿಡಿದು ಮೈಯನ್ನು ಸ್ವಲ್ಪ ಮುಂದೆ ಸರಿಸಿ, 30 ಸೆಕೆಂಡು. ಸೊಂಟ ಹಿಂದಕ್ಕೆ ಬಾಗಿಸಿದರೆ ಎಳೆತ ತೊಡೆಗೆ ಬಾರದೆ ಬೆನ್ನಿಗೆ ಹೋಗುತ್ತದೆ, ಹೆಚ್ಚಿನವರು ತಪ್ಪುವುದು ಅಲ್ಲೇ. ನೋವು ಕಾಲಿಗಿಳಿದು ಪಾದ ಎತ್ತಲಾಗದಿದ್ದರೆ, ಅಥವಾ ಮೂತ್ರದ ಹಿಡಿತ ತಪ್ಪಿದರೆ, ಈ ಯಾವುದನ್ನೂ ಮಾಡದೆ ಅದೇ ದಿನ ಆಸ್ಪತ್ರೆಗೆ.

ಠಾಣೆ_ಘೋಡಬಂದರ್

ಎಲ್ಲರಿಗೂ ಧನ್ಯವಾದ. ಅರ್ಧ ಗಂಟೆಗೊಮ್ಮೆ 5 ನಿಮಿಷ ಎದ್ದರೆ ಯಾವ ಮ್ಯಾನೇಜರ್ ಸುಮ್ಮನಿರುತ್ತಾನೆ? ಕ್ಯಾಮೆರಾ ಹಾಕಿ ಎರಡು ಗಂಟೆಯ ಮೀಟಿಂಗ್ ಇರುತ್ತದೆ. ನಿಂತು ಕೆಲಸ ಮಾಡುವ ಮೇಜು ತಗೊಂಡರೆ? ಅಥವಾ ಹಿರಿಯರ ಹಾಗೆ ನೆಲದ ಮೇಲೆ ಕೂರುವುದು?

ಮಾಟುಂಗಾ_ಪೂರ್ವ

ನಿಂತು ಕೆಲಸ ಮಾಡುವ ಮೇಜಿನ ಮೇಲೆ ಆಸೆ ಇಡಬೇಡಿ. ಗಂಟೆಗೆ 9 ಕ್ಯಾಲೊರಿ ಎಂದೆನಲ್ಲ, ಅಷ್ಟೇ. ದಿನವಿಡೀ ನಿಂತರೆ ಕಾಲಿನ ರಕ್ತನಾಳ ಉಬ್ಬುತ್ತವೆ, ಸೊಂಟವೂ ನೋಯುತ್ತದೆ. ಉಡುಪಿ ಹೋಟೆಲುಗಳಲ್ಲಿ ವರ್ಷಗಟ್ಟಲೆ ಕಾವಲಿಯ ಮುಂದೆ ನಿಂತವರ ಮೀನಖಂಡ ನೋಡಿದರೆ ತಿಳಿದೀತು. ಭಂಗಿ ಬದಲಿಸಲು ಒಂದು ಗಂಟೆಗೆ 15 ನಿಮಿಷ ನಿಲ್ಲುವುದಾದರೆ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಡಬ್ಬ ಇಟ್ಟರೂ ಆಯಿತು.

ನೆಲದ ಮೇಲೆ ಕೂರುವುದರಲ್ಲಿ ಸ್ವಾರಸ್ಯ ಇದೆ. ತಾಂಜಾನಿಯಾದ ಹಡ್ಜಾ ಬೇಟೆಗಾರ ಜನರೂ ದಿನಕ್ಕೆ ಸುಮಾರು 10 ಗಂಟೆ ಕೂತೇ ಇರುತ್ತಾರೆ ಎಂದು 2020ರಲ್ಲಿ ಅಳೆದಿದ್ದಾರೆ. ನಮ್ಮಷ್ಟೇ! ಆದರೆ ಅವರು ಅದರಲ್ಲಿ ಒಂದಿಷ್ಟು ಹೊತ್ತು ಕೂರುವುದು ಕುಕ್ಕರಗಾಲಲ್ಲಿ ಅಥವಾ ಮೊಣಕಾಲೂರಿ. ಆಗ ಕಾಲಿನ ಸ್ನಾಯು ಕುರ್ಚಿಯಲ್ಲಿದ್ದಂತೆ ಪೂರ್ತಿ ಮಲಗಿರುವುದಿಲ್ಲ. ಚಕ್ಕಳಮಕ್ಕಳ ಹಾಕಿ ಗೋಡೆಗೊರಗಿದರೆ ಆ ಲಾಭ ಇಲ್ಲ. ಕೈ ಊರದೆ ನೆಲದಿಂದ ಏಳುವುದರಲ್ಲೇ ಇರುವುದು ಕಸರತ್ತು. ಮೊಣಕಾಲು ಸವೆದವರಿಗೆ ಇದು ಬೇಡ.

ಮೀಟಿಂಗ್‌ಗೆ ಕುರ್ಚಿಯಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿರಿ, ಬೆರಳತುದಿ ನೆಲದಲ್ಲೇ ಇರಲಿ. ಕ್ಯಾಮೆರಾಗೆ ಕಾಣುವುದಿಲ್ಲ. ನಡಿಗೆಗೆ ಸಾಟಿಯಲ್ಲ, ಆದರೆ ಮೀನಖಂಡ ನಿದ್ದೆ ಹೋಗುವುದಿಲ್ಲ. ಉಳಿದಂತೆ ಮನೆಯನ್ನೇ ಸ್ವಲ್ಪ ಅನನುಕೂಲ ಮಾಡಿಕೊಳ್ಳಿ. ಒಂದು ಲೀಟರ್ ಬಾಟಲಿ ಪಕ್ಕದಲ್ಲಿಟ್ಟುಕೊಳ್ಳುವ ಬದಲು ಸಣ್ಣ ಲೋಟ ಹಿಡಿದು ಪ್ರತಿ ಸಲ ಅಡುಗೆಮನೆಗೆ ಹೋಗಿ. ಚಾರ್ಜರ್ ಬೇರೆ ಕೋಣೆಯಲ್ಲಿರಲಿ. ಫೋನ್ ಬಂದರೆ ಎದ್ದೇ ಮಾತಾಡಿ. 5 ನಿಮಿಷ ಆಗದಿದ್ದರೆ 2 ನಿಮಿಷ. ಪೂರ್ತಿ ದಿನ ಆಗದಿದ್ದರೆ ಊಟದ ನಂತರದ ಎರಡು ಗಂಟೆಯನ್ನಾದರೂ ಬಿಡಬೇಡಿ. ಉಂಡ ಅರ್ಧ ಗಂಟೆಯೊಳಗೆ 10-15 ನಿಮಿಷ ನಡೆದರೆ ಅದರ ಬೆಲೆ ಬೆಳಗಿನ ಅಷ್ಟೇ ನಡಿಗೆಗಿಂತ ಹೆಚ್ಚು, ಸಕ್ಕರೆಯ ಮಟ್ಟಿಗೆ.

ವಾಸ್ಕೊ_ಬಂದರು

ಗೋವಾದಿಂದ ಎರಡು ಮಾತು. 2023ರ ಐಸಿಎಂಆರ್-ಇಂಡಿಯಾಬ್ ಎಂಬ ದೇಶವ್ಯಾಪಿ ಮಧುಮೇಹ ಸಮೀಕ್ಷೆಯ ವರದಿಯಲ್ಲಿ ಮಧುಮೇಹ ದೇಶದಲ್ಲಿ ಶೇ. 11.4, ಗೋವಾದಲ್ಲಿ ಶೇ. 26.4, ರಾಜ್ಯಗಳಲ್ಲೇ ಮೊದಲು. ಇದನ್ನೆಲ್ಲ ಕೂರುವುದರ ತಲೆಗೆ ಕಟ್ಟುವಂತಿಲ್ಲ, ಊಟ, ಕುಡಿತ, ವಯಸ್ಸು ಎಲ್ಲವೂ ಸೇರಿದೆ. ಆದರೂ ಪಾವ್ ತರಲು ಇನ್ನೂರು ಮೀಟರ್‌ಗೆ ಸ್ಕೂಟರ್ ತೆಗೆಯುವ ಊರಿದು.

ಎರಡನೆಯದು, ಯಾರೂ ಎತ್ತದ ವಿಷಯ: ಊರಿಗೆ ಹೋಗುವ ಬಸ್ಸು. ಮುಂಬಯಿಯಿಂದ ಮಂಗಳೂರು, ಪುಣೆಯಿಂದ ಹುಬ್ಬಳ್ಳಿ, ಇಡೀ ರಾತ್ರಿ ಕಾಲು ಮಡಚಿ ಕೂತಿರುತ್ತೇವೆ. ಕಾಲಿನ ರಕ್ತ ಮೇಲೇರಲು ಮೀನಖಂಡವೇ ಪಂಪು. ಅದು ಅಲ್ಲಾಡದಿದ್ದರೆ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. 4 ಗಂಟೆ ಮೀರಿದ ಪ್ರಯಾಣದಲ್ಲಿ, ವಿಮಾನವಾಗಲಿ ಬಸ್ಸಾಗಲಿ ರೈಲಾಗಲಿ, ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದೆ. ಎರಡು ಪಟ್ಟಾದರೂ ಸುಮಾರು 6,000 ಜನರಲ್ಲಿ ಒಬ್ಬರಿಗೆ, ಹಾಗಾಗಿ ಎಲ್ಲರೂ ಗಾಬರಿಯಾಗಬೇಕಿಲ್ಲ. ಇತ್ತೀಚೆಗೆ ಆಪರೇಷನ್ ಆದವರು, ಬಸುರಿ-ಬಾಣಂತಿಯರು, ಗರ್ಭನಿರೋಧಕ ಮಾತ್ರೆ ತಗೊಳ್ಳುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಮೊದಲೇ ಒಮ್ಮೆ ಹೆಪ್ಪು ಬಂದವರು ಎಚ್ಚರವಾಗಿರಬೇಕು. ಇವರಿಗೆ ಮೊಣಕಾಲಿನ ಕೆಳಗಿನ ಒತ್ತಡದ ಕಾಲುಚೀಲ, 15ರಿಂದ 30 ಎಂಎಂಎಚ್‌ಜಿ, ವೈದ್ಯರನ್ನು ಕೇಳಿಯೇ ಹಾಕಬೇಕು. ಕಾಲಿನ ಅಪಧಮನಿ ಕಿರಿದಾದವರಿಗೆ ಆ ಕಾಲುಚೀಲವೇ ಅಪಾಯ.

ಉಳಿದವರಿಗೆ: ಅರ್ಧ ಗಂಟೆಗೊಮ್ಮೆ ಪಾದ 20 ಸಲ ಮೇಲೆ ಕೆಳಗೆ, ಕಾಲ ಬಳಿ ಬ್ಯಾಗು ತುರುಕಬೇಡಿ, ಬಸ್ಸು ಚಹಾಕ್ಕೆ ನಿಂತಾಗ ಇಳಿಯಿರಿ. ಶೌಚಾಲಯದ ಕಾಟಕ್ಕೆ ಹೆದರಿ ನೀರು ಬಿಡುವುದು, ನಿದ್ದೆ ಮಾತ್ರೆ ನುಂಗಿ ಮಲಗುವುದು, ಎರಡೂ ಬೇಡ. ಸ್ಲೀಪರ್ ಆದರೂ ಅಲ್ಲಾಡದೆ ಬಿದ್ದುಕೊಂಡರೆ ಪಂಪು ನಿಂತೇ ಇರುತ್ತದೆ. ಇಳಿದ ಮೇಲೆ ಎರಡೂ ಪಾದ ಊದಿದ್ದರೆ ಸಾಮಾನ್ಯ, ಒಂದೆರಡು ದಿನಕ್ಕೆ ಇಳಿಯುತ್ತದೆ. ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಡಾಪ್ಲರ್ ಸ್ಕ್ಯಾನ್‌ಗೆ ಹೋಗಿ. ಜೊತೆಗೆ ಉಸಿರು ಕಟ್ಟಿದರೆ ನೇರ ತುರ್ತು ವಿಭಾಗಕ್ಕೆ. ಪ್ರಯಾಣವಾಗಿ ಎರಡು ವಾರದ ಮೇಲೂ ಇದು ಬರಬಹುದು, 'ಬಸ್ಸಿಳಿದು ಎಷ್ಟೋ ದಿನ ಆಯಿತಲ್ಲ' ಎನ್ನಬೇಡಿ.

ಠಾಣೆ_ಘೋಡಬಂದರ್

ಕೊನೆಯ ಪ್ರಶ್ನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ. 10,000 ಹೆಜ್ಜೆ ಮನೆಯೊಳಗೆ ಹೇಗೆ?

ಪರ್ವತಿ_103

10,000 ಅನ್ನೋದು ವೈದ್ಯರು ಹಾಕಿದ ಗೆರಿ ಅಲ್ರಿ. 1965ರಾಗ ಜಪಾನಿನ ಒಂದು ಹೆಜ್ಜೆ ಎಣಿಸೋ ಯಂತ್ರದ ಹೆಸರು ಅದು, 'ಮಾನ್ಪೋಕೇ' ಅಂದ್ರ ಹತ್ತು ಸಾವಿರ ಹೆಜ್ಜಿ ಮೀಟರ್. 2022ರಾಗ 15 ಅಧ್ಯಯನ ಕೂಡಿಸಿ ನೋಡಿದಾಗ 60 ದಾಟಿದವರಿಗೆ 6,000-8,000, ಅದಕ್ಕಿಂತ ಸಣ್ಣವರಿಗೆ 8,000-10,000 ಆದಮ್ಯಾಲೆ ಹೆಚ್ಚಿನ ಲಾಭ ಕಾಣಲಿಲ್ಲ. ಬಿರುಸು ಅಂದ್ರ ನಿಮಿಷಕ್ಕ 100 ಹೆಜ್ಜಿ. ಮಾತಾಡಬಹುದು, ಹಾಡು ಹಾಡಾಕ ಆಗಬಾರದು.

ಮಳಿಗಾಲಕ್ಕ ನಿಮ್ಮ ಬಿಲ್ಡಿಂಗಿನ ಜಿನೆ (ಮೆಟ್ಟಿಲ) ಅದಲ್ಲ, ಅದನ್ನ ಹಿಡೀರಿ. ಒಂದು ಮಾಳಿಗಿ ಅಂದ್ರ 3 ಮೀಟರ್, 18-20 ಮೆಟ್ಟಿಲ. ಮೊದಲ ವಾರ ನಾಲ್ಕು ಮಾಳಿಗಿ ಒಂದು ಸಲ, ದಿನಕ್ಕ ಎರಡು ಹೊತ್ತು. ಆಮ್ಯಾಲೆ ವಾರಕ್ಕೊಂದು ಸಲ ಕೂಡಸ್ಕೋತ ಹೋಗ್ರಿ. ಪಾದ ಪೂರ್ತಿ ಮೆಟ್ಟಿಲ ಮ್ಯಾಲೆ ಇಡ್ರಿ, ತುದಿಗಾಲಿಲೆ ಹತ್ತಬ್ಯಾಡ್ರಿ. ಮಳಿಯಾಗ ಮೆಟ್ಟಿಲ ಹಸಿ ಇರ್ತಾವ, ಸವೆದ ಚಪ್ಪಲಿ ಹಾಕ್ಕೊಂಡು ಹತ್ತಿದ್ರ ಸಕ್ಕರಿ ಇಳಿಯೂಕಿಂತ ಮೊದಲ ನೀವ ಇಳೀತೀರಿ. ಮೊಣಕಾಲಿನ ಚಿಪ್ಪಿಗೆ ಹೆಚ್ಚು ತೊಂದ್ರಿ ಕೊಡೋದು ಹತ್ತೂದಲ್ಲ, ಇಳಿಯೂದು. ಇಲ್ಲಿ ಪುಣೆದಾಗ ಪರ್ವತಿ ಗುಡ್ಡದ 103 ಮೆಟ್ಟಿಲ ದಿನಾ ಹತ್ತೋ ಮಂದಿ ಸೈತ ನೋವು ಹೇಳೂದು ಇಳಿಯೂ ಮುಂದ. ನಿಮ್ಮಲ್ಲಿ ಲಿಫ್ಟ್ ಅದ ಅಂದ್ರ ಹತ್ತೂಕ ಮೆಟ್ಟಿಲ, ಇಳಿಯೂಕ ಲಿಫ್ಟ್. ಮಂದಿ ಮಾಡೂದರ ಉಲ್ಟಾ. ಹತ್ತೂ ಮುಂದ ಎದಿ ಬಿಗಿದು ಎಡಗೈಗೋ ದವಡಿಗೋ ಹರಡಿ, ನಿಂತ ಕೂಡಲೇ ಕಡಿಮಿ ಆಗ್ತಿದ್ರ, ಅದನ್ನ ಗ್ಯಾಸ್ ಅಂತ ತಿಳೀಬ್ಯಾಡ್ರಿ. ಮೆಟ್ಟಿಲ ಅಲ್ಲೇ ಬಿಟ್ಟು ಅವತ್ತ ಇಸಿಜಿ ತಗಸ್ರಿ.